ಹತ್ತನೆಯ ವಿದ್ಯಾರ್ಥಿನಿ

ಕಳೆದ ವರ್ಷ ಜುಲೈ ಮೊದಲ ವಾರ, ವಿಶಾಖಪಟ್ಟಣದ ನಮ್ಮ ಕಾಲೇಜಿನ ಪ್ರಾಂಶುಪಾಲರು ನನ್ನ ವಿಭಾಗಕ್ಕೆ ಒಂದು ಷರತ್ತು ಹಾಕಿದರು: ತಿಂಗಳ ಕೊನೆಯೊಳಗೆ ಹತ್ತು ಮಂದಿ ಸೇರದಿದ್ದರೆ ಆಕ್ಚುರಿಯಲ್ ಸೈನ್ಸ್ ಪದವಿ ನಿಲ್ಲುತ್ತದೆ. ವಿಮೆ, ಪಿಂಚಣಿಗಳ ಹಿಂದಿನ ಗಣಿತ ಅದು. ವಿಭಾಗ ಹೋದರೆ, ನಮ್ಮೂರಿನ ಕೈಗಾರಿಕಾ ಪ್ರದೇಶ ಗಾಜುವಾಕದ ನಿವೃತ್ತ ಕಾರ್ಮಿಕರ ಆಯಸ್ಸಿನ ಬಗ್ಗೆ ನಾನು ವರ್ಷಗಳಿಂದ ನಡೆಸುತ್ತಿದ್ದ ಅಧ್ಯಯನವೂ ಅರ್ಧಕ್ಕೇ ನಿಲ್ಲುತ್ತಿತ್ತು.

ಒಂಬತ್ತು ಮಂದಿ ಸೇರಿದರು. ಹತ್ತನೆಯವರಿಗಾಗಿ ವಿಜಯವಾಡಕ್ಕೆ ಹೋಗಿ ಕಾಲೇಜುಗಳ ಗೇಟಿನಲ್ಲಿ ಕರಪತ್ರ ಹಂಚಿದೆ. ಬಿಸಿಲಲ್ಲಿ ನಿಂತಿದ್ದ ತಂದೆತಾಯಿಯರು ಅದರಿಂದ ಗಾಳಿ ಬೀಸಿಕೊಂಡರು.

ಅಲ್ಲಿನ ಭವಾನಿಪುರಂ ಬಡಾವಣೆಯಲ್ಲಿ ಧಾರವಾಡ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರಿದ್ದರು. ಮಗಳು ಗಣಿತದಲ್ಲಿ ಚುರುಕು ಎಂದು ಕೇಳಿ ಅವರ ಮನೆಗೆ ಹೋದೆ. ದೀರ್ಘಾಯುಷ್ಯದ ಅಪಾಯ ನನ್ನ ಸಂಶೋಧನೆಯ ವಿಷಯ ಎಂದೆ.

"ಭಾಳ ದಿನ ಬದುಕೋದು ಅಪಾಯ ಅಂತೀರೇನ್ರಿ?" ಅಧಿಕಾರಿಯ ಹೆಂಡತಿ ದನಿ ತಗ್ಗಿಸಿದರು. "ಮೆಲ್ಲಕ ಹೇಳ್ರಿ, ಒಳಗ ಅತ್ತಿಯವರು ಅದಾರ."

"ಕೇಳಸ್ತದ ನನಗ," ಒಳಗಿನಿಂದ ಅಜ್ಜಿಯ ದನಿ ಬಂತು. "ಅಪಾಯ ಯಾರಿಗೆ? ನನಗೋ, ನಿಮಗೋ?"

"ಪಿಂಚಣಿ ಕೊಡೋರಿಗೆ, ಅಜ್ಜಿ. ಅವರ ಅಂದಾಜಿಗಿಂತ ಜನ ಹೆಚ್ಚು ಬದುಕಿದರೆ ನಿಧಿ ಸಾಲೋದಿಲ್ಲ."

"ಹಂಗಾರ ನಾ ಗಟ್ಟಿ ಕೂತೇನಿ. ಕೊಡ್ಲಿ!"

ಮಗಳು ನಕ್ಕಳು. ಅಂದಾಜು ತಪ್ಪಿದರೆ ತಿದ್ದುವವರು ಯಾರು ಎಂದು ತೆಲುಗಿನಲ್ಲಿ ಕೇಳಿದಳು. ಅದನ್ನೇ ಕಲಿಸುತ್ತೇವೆ ಎಂದೆ. ಬರುತ್ತೇನೆ ಎಂದಳು.

"ಎಂಜಿನಿಯರಿಂಗ್‌ಗೂ ಹಾಕೇವ್ರಿ," ಎಂದರು ತಂದೆ. "ಕಂಪ್ಯೂಟರ್ ಸೀಟು ಸಿಗೂ ಹಂಗಿಲ್ಲ. ಕರಕೊಂಡ ಬರ್ತೀನಿ."

ಕೊನೆಯ ದಿನ ಅವರ ರೈಲು ತಡವಾಯಿತು. ಪ್ರವೇಶದ ಕೌಂಟರ್ ಮುಚ್ಚಬೇಡಿ ಎಂದು ಗುಮಾಸ್ತರಿಗೆ ಕೈಮುಗಿದೆ. "ಅಯ್ಯೋ, ಕೂರ್ಚೋಂಡಿ ಸಾರ್," ಎಂದು ಅವರು ಕುರ್ಚಿ ಎಳೆದರು. ಕೂರಲಾಗಲಿಲ್ಲ.

ಕೊನೆಗೂ ತಂದೆ ಮಗಳು ಆಟೋದಿಂದ ಇಳಿದರು. ಆಕೆ ಸಹಿಗೆ ನನ್ನ ಪೆನ್ನು ಪಡೆದಾಗ ತಂದೆಯ ಫೋನಿಗೆ ಸಂದೇಶ ಬಂತು. ಅವರು ಅದನ್ನು ಎರಡು ಸಲ ಓದಿದರು.

"ಸರ, ಕಂಪ್ಯೂಟರ್ ಸೀಟು ಬಂತ್ರಿ."

"ಒಂದು ವರ್ಷ ನೋಡಿ. ಇಷ್ಟವಾಗದಿದ್ದರೆ ನಾನೇ ಬಿಡಿಸಿ ಕಳಿಸ್ತೀನಿ. ಇವತ್ತು ಸಹಿ ಒಂದು ಹಾಕಲಿ."

"ಹಂಗ ಕೇಳಬ್ಯಾಡ್ರಿ ಸರ. ಇರೂದು ಒಬ್ಬಾಕಿ ಮಗಳು."

ಆಕೆ ಪೆನ್ನಿನ ಮುಚ್ಚಳ ಹಾಕಿ ನನಗೆ ಹಿಂದಿರುಗಿಸಿದಳು.

ಉಳಿದ ಒಂಬತ್ತು ಮಂದಿಯನ್ನು ಬೇರೆ ವಿಭಾಗಗಳಿಗೆ ಹಂಚಿದರು. ನಾನೀಗ ವಾಣಿಜ್ಯ ವಿಭಾಗದಲ್ಲಿ ಬಡ್ಡಿ ಲೆಕ್ಕ ಕಲಿಸುತ್ತೇನೆ. ಅಧ್ಯಯನಕ್ಕೆಂದು ಕೊನೆಯ ಬಾರಿ ಗಾಜುವಾಕಕ್ಕೆ ಹೋದದ್ದು ಆ ಜುಲೈಗೆ ಮುಂಚೆ. ಆ ನಿವೃತ್ತರಲ್ಲಿ ಯಾರು ಬದುಕಿದ್ದಾರೆ, ಯಾರು ಇಲ್ಲ ಎಂಬುದು ಆಮೇಲೆ ದಾಖಲಾಗಿಲ್ಲ.