ಸೈಲೆನ್ಸರಿಗೆ ಸುತ್ತಿದ ಮೆಣಸಿನಕಾಯಿ ಚೀಲ

ನನ್ನ ಎಮ್ಮೆ ಹಾಲು ಕೊಡದಂತೆ ಮಾಡಿದವನು ನನ್ನ ಮೈದುನ. ಅವನ ಅಳಿಯನ ಕಂಪ್ಯೂಟರ್ ತಪ್ಪು ಹೇಳಿದ್ದರಿಂದ ಹಾಗಾಯಿತೆಂದು ಮೋಟೆಬೆನ್ನೂರಿನಲ್ಲಿ ಇಂದಿಗೂ ಹೇಳುವವರಿದ್ದಾರೆ. ಸುಳ್ಳು.

ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಈಚೆ ನನ್ನ ಕೊಟ್ಟಿಗೆ, ಆಚೆ ಅವನ ಹಳೆಯ ಟೆಂಪೋ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯಲು, ನಾನು ಹಾಲು ಕರೆಯಲು ಕೂರುವ ಹೊತ್ತಿಗೇ ಅದನ್ನು ಚಾಲೂ ಮಾಡಿ, ಹಾಗೇ ಬಿಟ್ಟು ಚಹಾ ಕುಡಿಯಲು ಒಳಗೆ ಹೋಗುತ್ತಿದ್ದ. ಆಗಷ್ಟೇ ಈದಿದ್ದ ಎಮ್ಮೆ ಬೆದರಿ ಒದೆಯುತ್ತಿತ್ತು. ಹಾಲು ಇಳಿಸುತ್ತಿರಲಿಲ್ಲ.

“ಗಾಡಿ ಓಣ್ಯಾಗ ನಿಂದ್ರಸೋ,” ಎಂದೆ.

“ಎಮ್ಮಿ ಕಿವ್ಯಾಗ ಹತ್ತಿ ಇಡ್ರಿ, ವೈನಿ,” ಎಂದ.

ಅವನ ಅಳಿಯ ಹಾವೇರಿಯಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ. ಸೈಲೆನ್ಸರ್ ಎಷ್ಟು ಸದ್ದು ಮಾಡುತ್ತದೆಂದು ಅದನ್ನು ಮಾಡಿಸುವ ಮೊದಲೇ ಲೆಕ್ಕ ಹಾಕಿ ಹೇಳುವುದು ಅವನ ವಿದ್ಯೆ. ಹಬ್ಬಕ್ಕೆ ಬಂದವನು ನಮ್ಮ ಜಗಳ ಕೇಳಲಾರದೆ ಕಂಪ್ಯೂಟರ್ ತೆರೆದು ಹೊಸ ಸೈಲೆನ್ಸರಿನ ಅಳತೆ ಬರೆದುಕೊಟ್ಟ. ರಾಣೇಬೆನ್ನೂರಿನಲ್ಲಿ ಮಾಡಿಸಿ ಹಾಕಿಸಿದರು. ಕೊಳವೆಯ ಬಾಯಿಂದ ಬರುವ ಸದ್ದು ತಗ್ಗಿತು, ಇಲ್ಲವೆನ್ನಲಾರೆ. ಆದರೆ ಸೈಲೆನ್ಸರಿನ ಹೊಟ್ಟೆಯ ತಗಡೇ ಗುಂಯ್ ಎನ್ನತೊಡಗಿತು. ಎಮ್ಮೆ ಮತ್ತೆ ಒದೆಯಿತು.

ಅಳಿಯ ಗಾಡಿಯ ಕೆಳಗೆ ಬಗ್ಗಿ ಕಿವಿಗೊಟ್ಟ. “ನಾ ಬಾಯಿ ಸದ್ದಷ್ಟ ಲೆಕ್ಕಕ್ಕ ಹಿಡದಿದ್ದೆ, ದೊಡ್ಡತ್ತಿ. ತಗಡು ನಡುಗಿ ಮಾಡೋ ಸದ್ದು ಬಿಟ್ಟಿದ್ದೆ,” ಎಂದ. ಮತ್ತೆ ಲೆಕ್ಕ ಹಾಕಿ ಮೈದುನನಿಗೆ ಹೇಳಿದ: “ಬೆಂಕಿ ತಡಿಯೋ ಅರಿವಿ ಬರತೈತ್ರಿ ಮಾವಾರ, ರಾಣೇಬೆನ್ನೂರಾಗ ಸಿಗತೈತಿ. ಅದನ್ನ ಸುತ್ತಿದ್ರ ಸದ್ದು ಇಳೀತೈತಿ.” ಹೇಳಿ ಹಾವೇರಿಗೆ ಹೋದ.

ಮೈದುನ ಆ ಬಟ್ಟೆ ತರಲು ರಾಣೇಬೆನ್ನೂರಿಗೆ ಹೋಗಲಿಲ್ಲ. “ಅರಿವಿ ಆದ್ರೇನು, ಚೀಲ ಆದ್ರೇನು,” ಎಂದು, ಮೆಣಸಿನಕಾಯಿ ಸುರಿದು ಖಾಲಿ ಮಾಡಿದ್ದ ಗೋಣಿಚೀಲವನ್ನು ಕೊಡವದೆ ಸೈಲೆನ್ಸರಿಗೆ ಸುತ್ತಿ ತಂತಿ ಬಿಗಿದ.

ಬೆಳಿಗ್ಗೆ ಚಾಲೂ ಮಾಡಿದ. ಅಳಿಯ ಹೇಳಿದಂತೆಯೇ ಸದ್ದು ಇಳಿಯಿತು. ಎಮ್ಮೆ ಸುಮ್ಮನೆ ನಿಂತಿತ್ತು, ನಾನು ಕೆಚ್ಚಲಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಸೈಲೆನ್ಸರ್ ಕಾದು, ಚೀಲಕ್ಕೆ ಹತ್ತಿದ್ದ ಬೀಜ, ಪುಡಿ ಎಲ್ಲ ಸುಡತೊಡಗಿ ಘಾಟು ಗೋಡೆ ಹಾರಿ ಬಂತು. ನಾನು ಕೆಮ್ಮಿದೆ, ಎಮ್ಮೆ ಕೆಮ್ಮಿತು, ಕರು ಕೆಮ್ಮಿತು. ಎಮ್ಮೆ ಹಗ್ಗ ಹರಿದುಕೊಂಡು ಪಾತ್ರೆ ತುಳಿದು ಓಡಿತು. ಆಚೆಯಿಂದ ಮೈದುನ, ತಾನೂ ಕೆಮ್ಮುತ್ತಲೇ, ಕೇಳಿದ:

“ಈಗ ಸದ್ದಿಲ್ಲಲ್ಲ, ವೈನಿ. ಇನ್ನೇನು ಬೇಕು ನಿಮಗ?”

ನಾನು ಎಮ್ಮೆಯ ಹಿಂದೆ ಓಡಿ ಹಿಡಿದು ತಂದೆ. ಅಂದು ಸಂಜೆಯೂ ಎಮ್ಮೆ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಮರುದಿನ ಅವನು ಏಳುವ ಮೊದಲೇ ಎಮ್ಮೆಯನ್ನು ಅವನ ಅಂಗಳಕ್ಕೆ ಹೊಡೆದುಕೊಂಡು ಹೋಗಿ, ಟೆಂಪೋದ ಮುಂದಿನ ಬಂಪರಿಗೆ ಕಟ್ಟಿ, ಪಾತ್ರೆ ಹಿಡಿದು ಕುಳಿತೆ. ಅವನು ಕೀಲಿ ಹಿಡಿದು ಹೊರಗೆ ಬಂದ.

“ವೈನಿ, ಬ್ಯಾಡಗಿಗೆ ಹೊತ್ತಾತು.”

“ಎಮ್ಮಿಗೆ ಹೊತ್ತಾಗಿಲ್ಲ,” ಎಂದೆ. ಹಾಲು ಇಳಿಯುತ್ತಿತ್ತು. ಅವಸರ ಮಾಡದೆ ಇನ್ನೊಂದು ಮೊಲೆಗೆ ಕೈ ಹಾಕಿದೆ.