ಮುಖ ಬರೆಯದ ಯಂಕವ್ವ

ಮೂಡಲು ಈಗಷ್ಟೇ ಕೆಂಪೇರುತ್ತಿದೆ. ಯಲಬುರ್ಗಿ ಸೀಮೆಯ ಮಂಗಳೂರಿನಲ್ಲಿ, ಕಾಳಿನ ವ್ಯಾಪಾರಿ ಈಶಪ್ಪನವರ ಪಡಸಾಲೆಯ ಗೋಡೆಗೆ ಎದುರಾಗಿ ಅಳವಂಡಿಯ ಯಂಕವ್ವ ನಿಂತಿದ್ದಾಳೆ. ಕಾಲ ಬಳಿ ಮೂರು ಕುಡಿಕೆಗಳು: ಒಂದರಲ್ಲಿ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕೆಮ್ಮಣ್ಣು, ಒಂದರಲ್ಲಿ ಸುಣ್ಣ, ಇನ್ನೊಂದರಲ್ಲಿ ದೀಪದ ಮಸಿ. ಸೀಮೆಎಣ್ಣೆ ಸಿಗದ ಈ ಯುದ್ಧಕಾಲದಲ್ಲಿ ಮಸಿಯೂ ದುರ್ಲಭವೇ. ತುದಿ ಜಜ್ಜಿದ ಈಚಲ ಕಡ್ಡಿಯನ್ನು ಕೆಮ್ಮಣ್ಣಿನಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಮೇಲಿನಿಂದ ಕೆಳಕ್ಕೆ ಒಂದೇ ಗೆರೆ ಎಳೆಯುತ್ತಾಳೆ. ಅದು ಬಾಗಿದ ಬೆನ್ನೋ, ಕೊಪ್ಪಳದ ಕಲ್ಲುಗುಡ್ಡದ ಇಳಿಜಾರೋ, ಹೇಳುವುದು ಕಷ್ಟ.

ಐವತ್ತರ ಸಮೀಪದ ಯಂಕವ್ವನಿಗೆ ಅಕ್ಷರ ಗೊತ್ತಿಲ್ಲ. ಗೋಡೆ ಸಾರಿಸುವ ಕೂಲಿಗೆ ತಾಯಿಯೊಡನೆ ಹೊರಟಾಗ ಆಕೆಗೆ ಹತ್ತು ವರ್ಷ. ಸಾರಿಸಿದ ಗೋಡೆ ಬರಿದಾಗಿ ಕಂಡದ್ದರಿಂದ ಗೆರೆ ಎಳೆಯತೊಡಗಿದಳಂತೆ. ಗಂಡ ತೀರಿಕೊಂಡ ಮೇಲೆ ಇದೇ ಅನ್ನವಾಯಿತು. ಸುಗ್ಗಿ ಮುಗಿದ ಮೂರು ತಿಂಗಳಲ್ಲಿ ಕುಷ್ಟಗಿಯಿಂದ ಗಂಗಾವತಿಯವರೆಗೆ ನಡೆದೇ ನಲವತ್ತು ಮನೆಗಳನ್ನು ಮುಗಿಸುತ್ತಾಳೆ. ಸಂಜೆಗೆ ಕೂಲಿ ಎರಡು ಸೇರು ಜೋಳ. ದಾರಿಯ ಬಂಡೆಗಳು, ಹೊಳೆಯ ತಿರುವು, ಕಳೆ ಕೀಳುವ ಹೆಂಗಸರು ಆಕೆಯ ಗೋಡೆಯ ಮೇಲೆ ಒಂದರೊಳಗೊಂದು ಕರಗಿಹೋಗುತ್ತವೆ. “ಬಗ್ಗಿದ ಹೆಣ್ಮಗಳು ನನಗ ಗುಡ್ಡದಾಂಗ ಕಾಣ್ತಾಳ್ರಿ. ನಾ ಏನ್ ಮಾಡ್ಲಿ?” ಎನ್ನುತ್ತಾಳೆ.

ಈ ಮನೆಯ ಕೆಲಸ ಮಾತ್ರ ಬೇರೆ. ಈಶಪ್ಪನವರ ಹೆಂಡತಿ ಕಳಕಮ್ಮ ಹೋದ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು, ಕೂಸು ಉಳಿಯಿತು. ಭಾವಚಿತ್ರ ಒಂದೂ ಇಲ್ಲ. ಮಗಳಿಗೆ ತಾಯಿಯೆಂದು ತೋರಿಸಲು ಗೋಡೆಯ ಮೇಲಾದರೂ ಒಂದು ಮುಖ ಬೇಕೆಂದು ಈಶಪ್ಪ ಕರೆಸಿದ್ದಾರೆ. ಇಂದು ಆಕೆ ತೀರಿಕೊಂಡ ವರ್ಷದ ಪೂಜೆ. ನೆಂಟರು ಬರುವುದರೊಳಗೆ ಮುಖ ಮೂಡದಿದ್ದರೆ ಗೋಡೆಗೆ ಸುಣ್ಣ ಬಳಿಸುವುದಾಗಿ ನಿನ್ನೆಯೇ ಹೇಳಿದ್ದಾರೆ.

ಯಂಕವ್ವ ನಾಲ್ಕು ದಿನ ಮನೆಯವರನ್ನೆಲ್ಲ ಕೇಳಿದ್ದಾಳೆ. ಮೂಗು ನೀಳವೆಂದರು ಕಳಕಮ್ಮನ ಅತ್ತೆ ವಿರೂಪಾಕ್ಷಮ್ಮ, ಮೊಂಡೆಂದಳು ನಾದಿನಿ. ಬಲಗೆನ್ನೆಯ ಮಚ್ಚೆ ಮರುದಿನ ಎಡಗೆನ್ನೆಗೆ ಬಂತು. ಕಳಕಮ್ಮನ ತವರಿನಲ್ಲಿ ಹೇಳಬಲ್ಲವರನ್ನು ಪ್ಲೇಗು ಒಯ್ದಿದೆ. ಮೂರು ಮುಖ ಬರೆದು ಮೂರನ್ನೂ ಒದ್ದೆ ಬಟ್ಟೆಯಿಂದ ಒರೆಸಿದಳು. ಕೊನೆಯದನ್ನು ಕಂಡು ವಿರೂಪಾಕ್ಷಮ್ಮ, “ಇದು ಗುಡ್ಯಾಗಿನ ಹುಲಿಗೆಮ್ಮ ಆತಲ್ಲ ಯಂಕವ್ವ, ಸೊಸಿ ಎಲ್ಲದಾಳ?” ಎಂದರು. ಆಮೇಲೆ ದನಿ ತಗ್ಗಿಸಿ, ತಾವು ಏಳು ವರ್ಷ ನೋಡಿದ್ದು ಸೊಸೆಯ ರೊಟ್ಟಿಯನ್ನೇ ಹೊರತು ಮುಖವನ್ನಲ್ಲ ಎಂದು ಒಪ್ಪಿಕೊಂಡರು.

ಆದರೆ ಆಕೆ ಹೇಗೆ ನಡೆಯುತ್ತಿದ್ದಳೆಂದು ಕೇಳಿದೊಡನೆ ಮನೆಯವರ ಮಾತು ಒಂದಾಯಿತು. ಎಡಸೊಂಟಕ್ಕೆ ಕೊಡ, ಬಲಭುಜ ತುಸು ಕೆಳಗೆ, ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲುವ ರೂಢಿ. ಯಂಕವ್ವ ಈಗ ಗೋಡೆಗೆ ತರುತ್ತಿರುವುದು ಅದನ್ನೇ: ಕೆಂಪು ಬಾಗು, ಸೊಂಟದ ಬಳಿ ಬಿಳಿಯ ದುಂಡು, ತಲೆಯಿರಬೇಕಾದಲ್ಲಿ ಬರಿಯ ಗೋಡೆ.

ಈಶಪ್ಪ ಹೊರಬರುತ್ತಾರೆ. ಸುಣ್ಣದ ಗಡಿಗೆ ಆಗಲೇ ಕಂಬದ ಬಳಿ ಬಂದಿದೆ.

“ಮಕ ಎಲ್ಲೈತಿ?”

“ನೀವು ಹೇಳ್ರಿ ಸಾವಕಾರ್ರ, ಈಗ ಬರೀತೇನಿ. ಕಣ್ಣು ಹೆಂಗಿದ್ವು?”

ಒಳಗೆ ಕೂಸು ಅಳುತ್ತದೆ, ಯಾರೋ ಸಮಾಧಾನ ಮಾಡುತ್ತಾರೆ. ಈಶಪ್ಪ ಅತ್ತ ತಿರುಗಿ, “ಹಿರ್ಯಾರ ಮುಂದ ಆಕಿನ್ನ ಹೆಂಗ ನೋಡ್ಲಿ ಯಂಕವ್ವ? ರಾತ್ರಿ ದೀಪಾ ಆರಸ್ತಿದ್ಲು,” ಎನ್ನುತ್ತಾರೆ. ಗೋಡೆಯತ್ತ ಎರಡು ಹೆಜ್ಜೆ ಇಟ್ಟು, ಕೆಳಗಿಳಿದ ಆ ಭುಜದ ಹತ್ತಿರ ಕೈ ಒಯ್ದು, ಬಣ್ಣ ಹಸಿಯಾಗಿದೆಯೆಂದು ಹಿಂದೆಗೆಯುತ್ತಾರೆ. ಸುಣ್ಣದ ಗಡಿಗೆಯನ್ನು ತಾವೇ ಎತ್ತಿ ಹಿತ್ತಿಲಿಗೆ ಒಯ್ಯುತ್ತಾರೆ.

ಯಂಕವ್ವ ಕಡ್ಡಿ ತೊಳೆದು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ನಾಳೆ ಕುಷ್ಟಗಿಯಲ್ಲಿ ಗೋಡೆ ಕಾದಿದ್ದರೂ ಇಂದು ಅಳವಂಡಿಗೇ ಹೋಗುವುದಾಗಿ ಹೇಳುತ್ತಾಳೆ. ಕಾರಣ ಕೇಳಿದರೆ, “ಮನ್ಯಾಗ ಸೊಸಿ ಅದಾಳ್ರಿ. ಮದವಿಯಾಗಿ ಐದು ವರ್ಷಾತು. ಬಿಸಲಿಗೆ ಕುಂದ್ರಿಸಿ ಆಕಿ ಮಕ ಒಮ್ಮಿ ಛಲೋತ್ನ್ಯಾಗ ನೋಡ್ಬೇಕು,” ಎನ್ನುತ್ತಾಳೆ.