ಏಳು ಕಾಮಾ

ಸುಂಕದಕಟ್ಟೆಯ ಒಂದು ಗಾರ್ಮೆಂಟ್ಸ್ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಕೂತು ಕೂತು ಸಾಕಾಗಿದೆ. ಹೊಲಿಗೆಯವರನ್ನು ಬೆಳಿಗ್ಗೆ ಕರೆತರುವ ವ್ಯಾನಿನ ಪಟ್ಟಿ ಮಾಡುವುದು ನನ್ನ ಪಾಲಿನ ಕೆಲಸ. ಅದಕ್ಕೆಂದೇ ಎಕ್ಸೆಲ್‌ನಲ್ಲಿ ಒಂದು ಮ್ಯಾಕ್ರೋ ಬರೆದಿದ್ದೆ. ಬಟನ್ ಒತ್ತಿದರೆ ಸ್ಟಾಪುಗಳು ಅಕ್ಷರಕ್ರಮದಲ್ಲಿ ಜೋಡಣೆಯಾಗಿ, ಮೊದಲ ಸಾಲನ್ನು ತಲೆಬರಹವೆಂದು ಬಿಟ್ಟು, ಉಳಿದದ್ದು ಡ್ರೈವರ್‌ಗೆ ಪ್ರಿಂಟ್ ಆಗುತ್ತಿತ್ತು.

ನಮ್ಮಲ್ಲಿ ಯಾರಿಗೂ ಕೆಲಸ ಹೋಯಿತೆಂದು ಬಾಯಿಬಿಟ್ಟು ಹೇಳುವುದಿಲ್ಲ. ಪಟ್ಟಿಯಿಂದ ಹೆಸರು ತೆಗೆಸುತ್ತಾರೆ. ವ್ಯಾನ್ ಬರದಿದ್ದರೆ ಅರ್ಥ ಮಾಡಿಕೊಳ್ಳಬೇಕು. ಈ ಪದ್ಧತಿ ಕಂಡರೆ ನನಗಾಗದು, ಆದರೂ ಅಳಿಸುವ ಬೆರಳು ನನ್ನದೇ.

ಆಯುಧಪೂಜೆಗೆ ಸೂಪರ್‌ವೈಸರ್ ಮಶೀನುಗಳ ಜೊತೆ ನನ್ನ ಮಾನಿಟರಿಗೂ ಕುಂಕುಮ ಎರಚಿದ್ದರು. ರಜೆ ಮುಗಿಸಿ ಬಂದು ಮ್ಯಾಕ್ರೋದಲ್ಲಿ ಜೋಡಣೆಯ ಆಜ್ಞೆ ಇರುವ ಸಾಲನ್ನು ತಿದ್ದಿದೆ. ತಲೆಬರಹ ಇದೆ ಎನ್ನುವ ಮಾಹಿತಿ ಎಂಟನೆಯ ಜಾಗದಲ್ಲಿರಬೇಕು, ಅಂದರೆ ಏಳು ಕಾಮಾ ಆದ ಮೇಲೆ. ಬೇಡದ ಜಾಗಗಳಿಗೆ ಬರೀ ಕಾಮಾ. ಉಗುರಿನಲ್ಲಿ ಏಳು ಕಾಮಾ ಎಣಿಸಿದೆ. ಅದರಲ್ಲಿ ಒಂದು, ಪರದೆಗೆ ಅಂಟಿದ್ದ ಕುಂಕುಮದ ಚೂರು.

ಮಾಹಿತಿ ಏಳನೆಯ ಜಾಗದಲ್ಲಿ ಕೂತಿತು, ಕಂಪ್ಯೂಟರ್ ಚಕಾರವೆತ್ತಲಿಲ್ಲ. ತಲೆಬರಹವೂ ಒಂದು ಸ್ಟಾಪೆಂಬಂತೆ ಹೆಸರುಗಳ ನಡುವೆ ಸೇರಿಕೊಂಡಿತು, ಮೊದಲ ಸಾಲಿಗೆ ಬಂದ ಕೆಂಗೇರಿಯ ಹೆಂಗಸು ತಲೆಬರಹದ ಲೆಕ್ಕದಲ್ಲಿ ಪ್ರಿಂಟಿನಿಂದ ಬಿದ್ದುಹೋದಳು. ಆ ಸ್ಟಾಪಿಗೆ ಅವಳೊಬ್ಬಳೇ.

ಮೂರು ದಿನ ಕಳೆದ ಮೇಲೆ ಸೂಪರ್‌ವೈಸರ್ ಬಂದು, "ಕೆಂಗೇರಿಯವಳನ್ನ ತೆಗೆದ್ರಂತಲ್ಲ ಮೇಡಂ, ಆ ಮಶೀನ್‌ಗೆ ಯಾರನ್ನ ಕೂರಿಸ್ಲಿ?" ಎಂದರು. ಅವಳ ಹೆಸರು ತೆಗೆಯಲು ನನಗೆ ಯಾರೂ ಹೇಳಿರಲಿಲ್ಲ. ಪ್ರಿಂಟನ್ನೂ ಮ್ಯಾಕ್ರೋವನ್ನೂ ತೆರೆದು ನೋಡಿ, ಅವಳಿಗೆ ಫೋನ್ ಮಾಡಿದೆ.

"ಪರ್ವಾಗಿಲ್ಲ ಬಿಡಿ ಮೇಡಂ," ಎಂದಳು ಅವಳು. "ಎರಡು ದಿನ ನಿಂತು ನೋಡ್ದೆ. ವ್ಯಾನ್ ಬರ್ಲಿಲ್ಲ. ಏನ್ ತಪ್ಪು ಮಾಡಿದೀನಿ ಅಂತ ಮಾತ್ರ ಹೇಳ್ಬಿಡಿ."

"ತಪ್ಪು ನಂದು ಕಣಮ್ಮ, ನಾಳೆಯಿಂದ ಬಾ," ಎಂದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು.

ಆ ಮಧ್ಯಾಹ್ನವೇ ಕೂತು ಮ್ಯಾಕ್ರೋವನ್ನೆಲ್ಲ ಹೊಸದಾಗಿ ಬರೆದೆ. ಪ್ರತಿ ಮಾಹಿತಿಯ ಹಿಂದೆ ಅದು ಏನೆಂದು ಹೆಸರಿಟ್ಟೆ: ಜೋಡಿಸಬೇಕಾದದ್ದು ಇದು, ಕ್ರಮ ಇದು, ತಲೆಬರಹ ಇದೆ. ಜಾಗ ಎಣಿಸುವ ಗೋಜಿಲ್ಲ. ಯಾರು ಓದಿದರೂ ತಿಳಿಯುತ್ತದೆ. ಹೀಗೆ ಬರೆಯಬಹುದೆಂದು ನನಗೆ ಮೊದಲೇ ಗೊತ್ತಿತ್ತು. ನನ್ನೊಬ್ಬಳಿಗೇ ಅರ್ಥವಾಗುವಂತಿದ್ದರೆ ನನ್ನ ಕುರ್ಚಿ ಭದ್ರವೆಂದು ಅಷ್ಟು ವರ್ಷ ಬರೆದಿರಲಿಲ್ಲ. ನಾಚಿಕೆಯಾಗುತ್ತದೆ.

ಅವಳು ಮರಳಿ ಬಂದಳು. ಆದರೆ ಈಗ ದಿನಾ ಸಂಜೆ ಮನೆಗೆ ಹೊರಡುವ ಮುಂಚೆ ಚಪ್ಪಲಿ ಬಿಟ್ಟು ನನ್ನ ಬಾಗಿಲಲ್ಲಿ ನಿಲ್ಲುತ್ತಾಳೆ.

"ನಾಳೆ ನಾನು ಇದೀನಾ ಮೇಡಂ?"

ಪಟ್ಟಿ ತೆರೆದು ತೋರಿಸುತ್ತೇನೆ. ಅವಳು ಪರದೆಯನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾಳೆ.